ಓದುಗರ ಪ್ರಶ್ನೆ: ದೋಣಿಯ ಹೊಟ್ಟೆಯೊಳಗೆ ನೀರು

ಪ್ರಶ್ನೆ: ಹದಿನಾಲ್ಕು ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದೇನೆ. ಈ ವರ್ಷ ಯಾಕೋ ಅದರ ಹಿಂಭಾಗ ನೀರಿನಲ್ಲಿ ಜಾಸ್ತಿ ತಗ್ಗುತ್ತಿದೆ. ದಡಕ್ಕೆ ಎಳೆದು ಅಲುಗಾಡಿಸಿದರೆ ನೆಲದ ಕೆಳಗೆ ಗುಳುಗುಳು ಸದ್ದು. ಫೋನಿಗೆ ಸಿಕ್ಕಿಸುವ ಅಗ್ಗದ ಇನ್‌ಸ್ಪೆಕ್ಷನ್ ಕ್ಯಾಮೆರಾ ತರಿಸಿ ಒಳಗೆ ತೂರಿಸಿದೆ. ಬರೀ ಬೆಳ್ಳಗೆ ಹೊಳೆಯುತ್ತದೆ, ಯಾವುದು ಏನೆಂದು ಗೊತ್ತಾಗುವುದಿಲ್ಲ. ನಾನು ಏನನ್ನು ಹುಡುಕಬೇಕು? ಪೆಟ್ರೋಲ್ ಟ್ಯಾಂಕಿನೊಳಗೂ ಇದನ್ನು ಬಿಡಬಹುದೇ?

ಉತ್ತರ: ಟ್ಯಾಂಕಿನ ಮಾತು ಮೊದಲು. ಖಂಡಿತ ಬೇಡ. ಕ್ಯಾಮೆರಾದ ಡಬ್ಬಿಯ ಮೇಲೆ ಸಾಮಾನ್ಯವಾಗಿ ‘ಐಪಿ 67’ ಎಂದು ಬರೆದಿರುತ್ತದೆ. ಅದರ ಅರ್ಥ ಇಷ್ಟೇ: ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ನೀರು ಹೊಗುವುದಿಲ್ಲ. ಕಿಡಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳಕ್ಕೇ ಇಳಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಟ್ಯಾಂಕ್ ಮಾತ್ರವಲ್ಲ, ನೆಲದಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೂ ಕ್ಯಾಮೆರಾ ಎತ್ತಿಡಿ. ಟ್ಯಾಂಕನ್ನು ಹೊರಗೆ ತೆಗೆದು, ದೋಣಿಯ ಮುಚ್ಚಳಗಳನ್ನೆಲ್ಲ ಬಿಚ್ಚಿ, ಗಾಳಿ ಚೆನ್ನಾಗಿ ಆಡಿ ವಾಸನೆ ಪೂರ್ತಿ ಹೋದ ಮೇಲೆ ಕೆಲಸಕ್ಕೆ ಕೂರಿ.

ಈಗ ಗುಳುಗುಳು ಸದ್ದಿಗೆ ಬರೋಣ. ದೋಣಿಯ ಮೂತಿಯನ್ನು ಎತ್ತರಿಸಿ ಹಿಂದಿನ ಬಿರಡೆ ತೆಗೆದು ನೀರನ್ನು ಬಕೆಟ್ಟಿಗೆ ಹಿಡಿಯಿರಿ, ಎಷ್ಟು ಲೀಟರ್ ಎಂದು ಎಣಿಸಿ. ಒಂದು ಲೀಟರ್ ಎಂದರೆ ಒಂದು ಕಿಲೋ; ಹಿಂಭಾಗ ಯಾಕೆ ತಗ್ಗುತ್ತಿದೆ ಎನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಮರ ನೆನೆಯುತ್ತಿದೆ ಎಂದು ಅನುಮಾನ ಪಡಿ.

ಆ ಬಿರಡೆಯ ತೂತೇ ನಿಮ್ಮ ಕ್ಯಾಮೆರಾಗೆ ಬಾಗಿಲು. ಅದು ಸಾಲದಿದ್ದರೆ ಹಗ್ಗ ಕಟ್ಟುವ ಕೊಂಡಿಯನ್ನೋ ವೈರ್ ಹೋಗುವ ರಬ್ಬರನ್ನೋ ಬಿಚ್ಚಿ. ಹೊಸ ತೂತು ಕೊರೆಯುವ ಆತುರ ಬೇಡ.

ಬಿಳಿ ಹೊಳಪಿಗೆ ಕಾರಣ ಕ್ಯಾಮೆರಾದ ಸ್ವಂತ ಬೆಳಕೇ. ಒದ್ದೆ ರೆಸಿನ್ (ಫೈಬರನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು) ಮೇಲೆ ಬಿದ್ದು ಅದು ನೇರ ಲೆನ್ಸಿಗೆ ವಾಪಸ್ ಬರುತ್ತದೆ. ವೈರಿನಲ್ಲಿರುವ ಚಿಕ್ಕ ಚಕ್ರ ತಿರುಗಿಸಿ ಎಲ್‌ಇಡಿಯನ್ನು ಸಾಧ್ಯವಾದಷ್ಟು ಮಂಕು ಮಾಡಿ. ಇನ್ನೊಂದು ವಿಷಯ, ಇಂಥ ಕ್ಯಾಮೆರಾಗಳ ಫೋಕಸ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಒಳಗೆ ಬಿಡುವ ಮೊದಲು ಒಂದು ಪತ್ರಿಕೆಯ ಮೇಲೆ ಹಿಡಿದು, ಎಷ್ಟು ದೂರದಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ ಎಂದು ಅಳೆದುಕೊಳ್ಳಿ. ಹೆಚ್ಚಿನವುಗಳಲ್ಲಿ ಅದು ಕೆಲವೇ ಸೆಂಟಿಮೀಟರ್. ದೋಣಿಯೊಳಗೂ ಅಷ್ಟೇ ದೂರಕ್ಕೆ ಹೋಗಿ ನೋಡಬೇಕು.

ಒಳಗೆ ಹೋದ ಮೇಲೆ ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಪ್ಪಿಹೋಗುತ್ತದೆ. ವೈರ್ ತಿರುಚಿದಂತೆ ಚಿತ್ರವೂ ಸುತ್ತುತ್ತದೆ. ನಾನು ಒಂದು ಬೆರಳಗಲದಷ್ಟು ಉದ್ದದ ಕೆಂಪು ದಾರಕ್ಕೆ ಪುಟ್ಟ ನಟ್ ಕಟ್ಟಿ, ಕ್ಯಾಮೆರಾದ ಮೂತಿಯ ಪಕ್ಕದಲ್ಲಿ ಟೇಪ್ ಸುತ್ತಿ ಇಳಿಬಿಡುತ್ತೇನೆ. ಚಿತ್ರದ ಅಂಚಿನಲ್ಲಿ ಆ ನಟ್ ಯಾವ ಕಡೆ ತೂಗುತ್ತದೋ ಅದೇ ಕೆಳಗು. ನಟ್‌ನ ಅಗಲ ಮೊದಲೇ ಗೊತ್ತಿರುವುದರಿಂದ ಕಂಡ ಬಿರುಕು ಕೂದಲಷ್ಟೋ ಬೆರಳಷ್ಟೋ ಎಂದೂ ತಿಳಿಯುತ್ತದೆ. ವೈರಿನ ಮೇಲೆ ಹತ್ತು ಸೆಂಟಿಮೀಟರಿಗೊಂದು ಟೇಪಿನ ಗುರುತು ಹಾಕಿ, ಎಷ್ಟು ಒಳಗೆ ಹೋಗಿದ್ದೀರಿ ಎಂಬ ಲೆಕ್ಕ ಸಿಗುತ್ತದೆ. ಜೊತೆಗೆ ಕೊಟ್ಟಿರುವ ಕೊಕ್ಕೆ, ಆಯಸ್ಕಾಂತ, ಕನ್ನಡಿಗಳನ್ನು ಟೇಪ್ ಸುತ್ತದೆ ಸಿಕ್ಕಿಸಬೇಡಿ. ಕಳಚಿ ಬಿದ್ದರೆ ಅದನ್ನು ತೆಗೆಯಲು ನೆಲವನ್ನೇ ಕತ್ತರಿಸಬೇಕಾದೀತು.

ನೋಡಬೇಕಾದದ್ದು ಮೊದಲು ನೀರಿನ ಗೆರೆ. ಒಳಗೋಡೆಯ ಮೇಲೆ ಕೆಸರು ಕಟ್ಟಿದ ಗೆರೆಯಿದ್ದರೆ ನೀರು ಅಲ್ಲಿವರೆಗೆ ಬಹಳ ದಿನ ನಿಂತಿತ್ತು ಎಂದರ್ಥ. ಮೇಲಿನಿಂದ ತೂರಿಬಂದ ಸ್ಕ್ರೂಗಳ ತುದಿಯಿಂದ ತುಕ್ಕು ಇಳಿದಿದೆಯೇ? ನೆಲದಡಿಯ ಉದ್ದ ತೊಲೆಗಳ ಮೇಲಿನ ಫೈಬರ್ ಹೊದಿಕೆ ಎಲ್ಲಾದರೂ ಬಿಟ್ಟುಕೊಂಡು, ಒಳಗಿನ ಪ್ಲೈವುಡ್ಡಿನ ಅಂಚು ಕಪ್ಪಾಗಿದೆಯೇ? ಗೆರೆಯೊಂದು ಕಂಡ ಕೂಡಲೇ ಬಿರುಕು ಎಂದುಕೊಳ್ಳಬೇಡಿ. ಸೋರಿ ಒಣಗಿದ ರೆಸಿನ್ ಕೂಡ ಹಾಗೆಯೇ ಕಾಣುತ್ತದೆ. ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಕೋನದಿಂದ ನೋಡಿ. ಉಬ್ಬಿದ ರೆಸಿನ್ ಮಿಂಚುತ್ತದೆ, ಬಿರುಕು ಕಪ್ಪಾಗಿಯೇ ಉಳಿಯುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಲು ಇಬ್ಬರು ಬೇಕು. ಒಬ್ಬರು ಫೋನ್ ನೋಡುತ್ತಿರಲಿ, ಇನ್ನೊಬ್ಬರು ಡೆಕ್ಕಿನ ಒಂದೊಂದೇ ಬೋಲ್ಟಿನ ಸುತ್ತ ಚೊಂಬಿನಿಂದ ನೀರು ಹೊಯ್ಯಲಿ. ಒಂದಾದ ಮೇಲೆ ಎರಡು ನಿಮಿಷ ಕಾದು ಮುಂದಿನದು. ಸೋರುವ ಬೋಲ್ಟಿನ ತುದಿಯಲ್ಲಿ ಹನಿ ಕಟ್ಟಿ, ದಪ್ಪವಾಗಿ, ತೊಟ್ಟಿಕ್ಕುವುದು ಕಣ್ಣೆದುರೇ ಕಾಣುತ್ತದೆ. ಈ ಕ್ಯಾಮೆರಾದಿಂದ ನನಗೆ ಸಿಕ್ಕಿರುವ ಅತಿ ದೊಡ್ಡ ಉಪಕಾರ ಇದೇ.

ಆದರೆ ಇದಕ್ಕೆ ಮೈ ಮಾತ್ರ ಕಾಣುತ್ತದೆ, ಒಳಗಿನ ತಿರುಳು ಕಾಣುವುದಿಲ್ಲ. ಸ್ನೇಹಿತರೊಬ್ಬರ ದೋಣಿಯಲ್ಲಿ ಹೀಗೇ ನೋಡಿದ್ದೆ. ಒಳಗೆಲ್ಲ ಸ್ವಚ್ಛ, ಎಂಜಿನ್ ಕೂರುವ ಹಿಂಬದಿ ಹಲಗೆಯ ಒಳಮೈಯೂ ನುಣ್ಣಗಿತ್ತು. ಏನೂ ತೊಂದರೆ ಇಲ್ಲ ಎಂದುಬಿಟ್ಟೆ. ಕೆಲವೇ ತಿಂಗಳಲ್ಲಿ ಎಂಜಿನ್ನಿನ ಬೋಲ್ಟುಗಳು ಆ ಹಲಗೆಯೊಳಕ್ಕೆ ಕುಸಿದವು. ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ನೆನೆದ ರೊಟ್ಟಿಯಂತಾಗಿತ್ತು. ಆ ದಿನ ಅವರು ದಡಕ್ಕೆ ಹತ್ತಿರವಿದ್ದರು ಎಂಬುದನ್ನು ನೆನೆದರೆ ಈಗಲೂ ಸಮಾಧಾನವಾಗುತ್ತದೆ. ಕ್ಯಾಮೆರಾ ಹಾನಿ ತೋರಿಸಿದರೆ ನಂಬಿ, ತೋರಿಸಲಿಲ್ಲ ಎಂದು ಮಾತ್ರ ನೆಮ್ಮದಿಯಾಗಿರಬೇಡಿ.

ನಿಮ್ಮ ದೋಣಿಯ ಹಿಂಭಾಗವೇ ತಗ್ಗುತ್ತಿರುವುದರಿಂದ ಆ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟಿ ನೋಡಿ. ಟಣ್ ಎನ್ನುವ ಜಾಗ ಗಟ್ಟಿ, ಮಂದವಾಗಿ ದಬ್ ಎನ್ನುವ ಜಾಗದ ಮೇಲೆ ಸಂಶಯವಿರಲಿ. ಅಲ್ಲಿ ಒಳಮೈಯಿಂದ 3 ಮಿಲಿಮೀಟರಿನ ತೂತು ಕೊರೆಯಿರಿ, ಹೊರಪದರ ದಾಟಬಾರದು. ತಿಳಿಬಣ್ಣದ ಒಣ ಪುಡಿ ಬಂದರೆ ಎಪಾಕ್ಸಿ ಅಂಟಿನಿಂದ ಮುಚ್ಚಿಬಿಡಿ. ಕಪ್ಪು ಒದ್ದೆ ಹಿಟ್ಟು ಬಂದರೆ ಎಂಜಿನ್ ಇಳಿಸಿ, ಹಲಗೆ ಬದಲಾಯಿಸುವವರೆಗೆ ದೋಣಿಯನ್ನು ನೀರಿಗೆ ಬಿಡಬೇಡಿ. ತೇಲಲೆಂದು ತುಂಬಿದ ಫೋಮ್ ಇದ್ದರೆ ಅದನ್ನೂ ಒಂದು ಚೂರು ಕಿತ್ತು ಹಿಂಡಿ ನೋಡಿ. ಅದು ಕುಡಿದ ನೀರು ಬಿರಡೆ ತೆಗೆದರೂ ಇಳಿಯುವುದಿಲ್ಲ.

ಪ್ರಶ್ನೆ: ವೈಫೈ ಕ್ಯಾಮೆರಾ ಒಳ್ಳೆಯದೋ, ವೈರಿನದೋ?

ಉತ್ತರ: ಇಂಥ ಕೆಲಸಕ್ಕೆ ವೈರಿನದು. ವೈಫೈಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ; ಇಕ್ಕಟ್ಟಿನಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆಯಾಗುತ್ತದೆ. ಯಾವುದೇ ಇರಲಿ, ಉಪ್ಪುನೀರಿನಿಂದ ತೆಗೆದ ಕೂಡಲೇ ಮೂತಿಯನ್ನು ಸಿಹಿನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಿಂದ ಒರೆಸಿ. ಫೋನಿಗೆ ಸಿಕ್ಕಿಸುವ ತುದಿಗೆ ಮಾತ್ರ ನೀರು ತಾಗಬಾರದು.