ಒಂದೇ ಹಾಡಲ್ಲಿ ಐದು ಜನ ರ‍್ಯಾಪರ್ಸ್, ಕೊನೇ ವರ್ಸ್ ಯಾರಿಗೆ?

ಪ್ರಶ್ನೆ: ಸರ್, ಇತ್ತೀಚೆಗೆ ಅಮೆರಿಕನ್ ರ‍್ಯಾಪ್ ಕೇಳೋ ಹುಚ್ಚು ಹಿಡಿದಿದೆ. ಒಬ್ರೇ ಹಾಡೋದಕ್ಕಿಂತ ನಾಲ್ಕೈದು ಜನ ಸೇರಿ ಒಬ್ಬೊಬ್ರು ಒಂದೊಂದು ವರ್ಸ್ (ಚರಣ) ಹೊಡೆಯೋ ಹಾಡುಗಳೇ ಜಾಸ್ತಿ ಇಷ್ಟ ಆಗ್ತಿವೆ. ಎಲ್ಲಿಂದ ಶುರು ಮಾಡ್ಲಿ? ದೊಡ್ಡ ದೊಡ್ಡ ಹೆಸರೆಲ್ಲ ಇದ್ರೂ ಕೆಲವು ಹಾಡು ಸಪ್ಪೆ ಅನ್ಸುತ್ತಲ್ಲ, ಅದ್ಯಾಕೆ? (ಹಾಸನದ ಓದುಗರು)

ಉತ್ತರ: ಇಂಥ ಹಾಡಿಗೆ ಅಲ್ಲಿ ಪಾಸಿ ಕಟ್ ಅಂತಾರೆ. 1988ರ ‘ದಿ ಸಿಂಫನಿ’ಯಿಂದ ಶುರು ಮಾಡಿ, ಆಮೇಲೆ ಬಂದವರೆಲ್ಲ ಹೆಚ್ಚುಕಮ್ಮಿ ಅದನ್ನ ಕೇಳಿಕೊಂಡೇ ಬೆಳೆದವರು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ಕಡೆಯ ಪ್ರೊಡ್ಯೂಸರ್ ಮಾರ್ಲಿ ಮಾರ್ಲ್, ಓಟಿಸ್ ರೆಡ್ಡಿಂಗ್ ಹಾಡೊಂದರ ಪಿಯಾನೋ ತುಣುಕು ಎತ್ಕೊಂಡು ಒಂದು ಬೀಟ್ ಮಾಡಿ ತನ್ನ ಜ್ಯೂಸ್ ಕ್ರೂ ಅನ್ನೋ ಗ್ಯಾಂಗಿನ ನಾಲ್ಕು ಜನರನ್ನ ಮೈಕ್ ಮುಂದೆ ನಿಲ್ಲಿಸಿದ. ಆದ್ರೆ ಮೊದಲು ಹೋಗೋಕೆ ಯಾರೂ ರೆಡಿ ಇರಲಿಲ್ಲವಂತೆ! ಕೊನೆಗೆ ಆಗಿನ್ನೂ ಹೊಸಬನಾಗಿದ್ದ ಮಾಸ್ಟಾ ಏಸ್ ಹೋದ, ಆಮೇಲೆ ಕ್ರೇಗ್ ಜಿ, ಕೂಲ್ ಜಿ ರ‍್ಯಾಪ್, ಕಟ್ಟಕಡೆಗೆ ಬಿಗ್ ಡ್ಯಾಡಿ ಕೇನ್.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ ನೋಡಿ. ಮೇಲ್ನೋಟಕ್ಕೆ ಫ್ರೆಂಡ್ಸ್ ಎಲ್ಲ ಸೇರಿ ಮಾಡಿದ ಹಾಡು, ಒಳಗೆ ಮಾತ್ರ ಜಿದ್ದಾಜಿದ್ದಿ. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಒಳ್ಳೇ ಮಾತು ಎಸೆದ್ರೆ ಪಕ್ಕದಲ್ಲಿ ಕೂತವನು ಅದಕ್ಕಿಂತ ಒಂದು ಕೈ ಮೇಲೆ ಹೋಗಲೇಬೇಕಲ್ಲ, ಹಾಗೆ. ಈ ಜಿದ್ದು ಇಲ್ದೆ ಒಬ್ಬ ಅಟ್ಲಾಂಟಾದಿಂದ, ಇನ್ನೊಬ್ಬ ಲಾಸ್ ಏಂಜಲೀಸ್‌ನಿಂದ ಹದಿನಾರು ಸಾಲು ಮೇಲ್ ಮಾಡಿ, ಮ್ಯಾನೇಜರು ಅದನ್ನೆಲ್ಲ ಜೋಡಿಸಿದ್ರೆ ಸಪ್ಪೆ ಆಗದೆ ಇನ್ನೇನಾಗುತ್ತೆ. ಹಾಗಾಗಿ ನಾನು ಮೊದಲು ನೋಡೋದೇ ಸರದಿ, ಯಾರು ಮೊದಲು, ಯಾರು ಕೊನೆ ಅಂತ.

ಕೊನೇ ವರ್ಸ್ ಏನು ಮಾಡಬಲ್ಲದು ಅಂತ ಗೊತ್ತಾಗಬೇಕಾದ್ರೆ ರ‍್ಯಾಪ್ ಗ್ರೂಪ್ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ‘ಸಿನಾರಿಯೋ’ ಹಾಕಿ, 1991ರ ಆಲ್ಬಮ್ಮಿಂದು. ಫೈಫ್ ಶುರು ಮಾಡ್ತಾನೆ, ಚಾರ್ಲಿ ಬ್ರೌನ್, ಡಿಂಕೋ ಡಿ, ಕ್ಯೂ-ಟಿಪ್ ಎಲ್ರೂ ಬಂದು ಹೋಗ್ತಾರೆ, ಎಲ್ರೂ ಚೆನ್ನಾಗೇ ಇದ್ದಾರೆ, ಆಮೇಲೆ ಬಸ್ಟಾ ರೈಮ್ಸ್ ಬರ್ತಾನೆ. ಅವನಾಗ ಇಪ್ಪತ್ತರ ಆಸುಪಾಸಿನ ಹುಡುಗ, ಲೀಡರ್ಸ್ ಆಫ್ ದ ನ್ಯೂ ಸ್ಕೂಲ್ ಅನ್ನೋ ಗ್ರೂಪಲ್ಲಿ ಒಬ್ಬ ಅಷ್ಟೇ. ಶುರುನಲ್ಲಿ ಸ್ವಲ್ಪ ತಡೆದು ತಡೆದು ಹೇಳ್ತಾ ಹೋಗಿ, ನಡುವೆ ಡ್ರ್ಯಾಗನ್ ಥರ ಗುರ್ ಅಂತ ಒಂದು ಗರ್ಜನೆ ಹಾಕ್ತಾನಲ್ಲ, ಅಲ್ಲಿಂದಾಚೆಗೆ ಹಾಡು ಟ್ರೈಬ್‌ದಾಗಿ ಉಳಿಯಲ್ಲ. ಅವನು ಸೋಲೋ ಸ್ಟಾರ್ ಆಗ್ತಾನೆ ಅಂತ ಆವತ್ತೇ ಜನಕ್ಕೆ ಗೊತ್ತಾಗೋಯ್ತು.

ವೂ-ಟ್ಯಾಂಗ್ ಕ್ಲ್ಯಾನ್‌ನ ‘ಪ್ರೊಟೆಕ್ಟ್ ಯಾ ನೆಕ್’ದು ಬೇರೆ ಕಥೆ. ಎಂಟು ಜನ, ಪಲ್ಲವಿ ಗಿಲ್ಲವಿ ಏನಿಲ್ಲ, ಒಬ್ಬ ಮುಗಿಸೋದರೊಳಗೆ ಇನ್ನೊಬ್ಬ ನುಗ್ತಾನೆ. ಇದು ಒಂಥರಾ ಶೋರೂಮ್, ಎಂಟು ದನಿ ಎಂಟು ಸ್ಟೈಲು, ಯಾರು ಬೇಕೋ ಆರಿಸ್ಕೊಳ್ಳಿ ಅಂತ. ಬಾಸ್ ರಿಝಾ ಲೌಡ್ ರೆಕಾರ್ಡ್ಸ್ ಜೊತೆ ಮಾಡ್ಕೊಂಡ ಒಪ್ಪಂದದಲ್ಲೂ ಅದೇ ಲೆಕ್ಕ: ಗ್ರೂಪು ನಿಮ್ಮಲ್ಲೇ ಇರುತ್ತೆ, ಆದ್ರೆ ಒಬ್ಬೊಬ್ರು ಬೇರೆ ಬೇರೆ ಕಂಪನಿಗೆ ಸೋಲೋ ಸೈನ್ ಮಾಡಬಹುದು. ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ ಹೋಗಿದ್ದು ಹಾಗೆ. ಕೊನೇ ವರ್ಸ್ ಜಿಝಾನದು, ಮ್ಯೂಸಿಕ್ ಕಂಪನಿಗಳನ್ನ ಚೆನ್ನಾಗಿ ಝಾಡಿಸ್ತಾನೆ. ಅವನ 1991ರ ಆಲ್ಬಮ್ ಬಂದಿದ್ದು ಕೋಲ್ಡ್ ಚಿಲಿನ್ ಕಂಪನಿಯಿಂದ, ಓಡಲಿಲ್ಲ, ಆ ಸಿಟ್ಟು. ‘ಸಿಂಫನಿ’ ಹೊರಗೆ ತಂದಿದ್ದೂ ಅದೇ ಕಂಪನಿನೇ.

ಅದೇ ಗ್ಯಾಂಗು 1997ರಲ್ಲಿ ‘ಟ್ರಯಂಫ್’ನಲ್ಲಿ ಲೆಕ್ಕಾನೇ ಉಲ್ಟಾ ಮಾಡ್ತು. ಎಲ್ಲರಿಗಿಂತ ಒಳ್ಳೇ ವರ್ಸ್ ಇನ್ಸ್‌ಪೆಕ್ಟಾ ಡೆಕ್‌ನದು, ಅದನ್ನ ಮೊದಲೇ ಇಟ್ಬಿಟ್ರು! ಮಿಕ್ಕವರು ಐದು ನಿಮಿಷ ಅವನನ್ನ ಅಟ್ಟಿಸಿಕೊಂಡು ಓಡಿದಂಗೆ ಇರುತ್ತೆ, ಯಾರಿಗೂ ಸಿಗಲ್ಲ. ನನ್ನ ಕೇಳಿದ್ರೆ ಒಂದನೇ ನಂಬರ್ ಹಾಡು ಇದೇ, ಬೈಯೋರು ಬೈಕೊಳ್ಳಿ.

ಜಿದ್ದು ಮಿತಿ ಮೀರಿದ್ದೂ ಉಂಟು. ಆಗಲೇ ದೊಡ್ಡ ಸ್ಟಾರ್ ಆಗಿದ್ದ ಎಲ್‌ಎಲ್ ಕೂಲ್ ಜೆ 1997ರ ‘4, 3, 2, 1’ಗೆ ಕರೆದವರಲ್ಲಿ ಕ್ಯಾನಿಬಸ್ ಅನ್ನೋ ಹೊಸ ಹುಡುಗ ಇದ್ದ. ಎಲ್‌ಎಲ್ ತೋಳ ಮೇಲಿರೋ ಮೈಕ್ ಟ್ಯಾಟೂ ನೋಡಿ, ಅದನ್ನ ಸ್ವಲ್ಪ ಕಡ ಕೊಡ್ತೀಯಾ ಅನ್ನೋ ಅರ್ಥದಲ್ಲಿ ಒಂದು ಸಾಲು ಬರೆದ. ದೊಡ್ಡವರಿಗೆ ಕೋಪ ಬಂತು, ಆ ಸಾಲು ತೆಗೆಸಿದ್ರು, ಆದ್ರೆ ಅದಕ್ಕೆ ಕೊಟ್ಟ ಉತ್ತರ ಮಾತ್ರ ತಮ್ಮ ವರ್ಸಲ್ಲಿ ಹಾಗೇ ಇಟ್ಕೊಂಡ್ರು, ಅದೂ ಕೊನೇ ವರ್ಸಲ್ಲಿ. ಮುಂದೆ ಇಬ್ರೂ ಒಬ್ಬರ ಮೇಲೊಬ್ಬರು ಹಾಡು ಬಿಟ್ಕೊಂಡು ಬೀದಿ ಜಗಳ ಆಯ್ತು.

ಹೆಣ್ಮಕ್ಕಳನ್ನ ಇಲ್ಲಿ ಕರೆಯೋದೇ ಕಮ್ಮಿ, ಇದು ಹಳೇ ರೋಗ. ಅದಕ್ಕೆ 1997ರ ‘ನಾಟ್ ಟುನೈಟ್’ ರೀಮಿಕ್ಸ್ ತಪ್ಪಿಸ್ಕೋಬೇಡಿ, ಲಿಲ್ ಕಿಮ್, ಮಿಸ್ಸಿ ಎಲಿಯಟ್, ಡಾ ಬ್ರ್ಯಾಟ್, ಲೆಫ್ಟ್ ಐ, ಆಂಜಿ ಮಾರ್ಟಿನೆಝ್ ಐದೂ ಜನ ಹೆಂಗಸರೇ. ಆಮೇಲೆ 2010ರ ‘ಮಾನ್‌ಸ್ಟರ್’. ಹಾಡು ಕಾನ್ಯೆ ವೆಸ್ಟ್‌ದು, ಜೇ-ಝೀ ಇದ್ದಾನೆ, ರಿಕ್ ರಾಸ್ ಇದ್ದಾನೆ, ಆದ್ರೆ ಜನಕ್ಕೆ ಬಾಯಿಪಾಠ ಇರೋದು ನಿಕಿ ಮಿನಾಜ್ ವರ್ಸೇ. ಒಂದು ಸಾಲು ಪುಟ್ಟ ಹುಡುಗಿ ದನಿ, ಮುಂದಿನ ಸಾಲಿಗೆ ಗಂಟಲು ಹರಿಯೋ ಹಾಗೆ ಅಬ್ಬರ. ಆಗ ಅವಳ ಮೊದಲ ಆಲ್ಬಮ್ಮೂ ಬಂದಿರಲಿಲ್ಲ.

ಪ್ರಶ್ನೆ: ‘ಕಂಟ್ರೋಲ್’ ಹಾಡಿನ ಬಗ್ಗೆ ಎಲ್ರೂ ಮಾತಾಡ್ತಾರೆ, ಅದನ್ನ ಮಾಡಿದ ರ‍್ಯಾಪರ್ ಬಿಗ್ ಶಾನ್ ಆಲ್ಬಮಲ್ಲಿ ಹುಡುಕಿದ್ರೆ ಇಲ್ಲವೇ ಇಲ್ಲ. ಯಾಕೆ? (ಮೈಸೂರಿನ ಓದುಗರು)

ಉತ್ತರ: ಸ್ಯಾಂಪಲ್‌ಗೆ (ಅಂದ್ರೆ ಬೇರೆ ಹಾಡಿಂದ ಎತ್ಕೊಂಡ ತುಣುಕಿಗೆ) ಪರ್ಮಿಷನ್ ಸಿಗಲಿಲ್ಲ, ಅಷ್ಟೇ. ಅದಕ್ಕೆ 2013ರ ಆಗಸ್ಟಲ್ಲಿ ಆಲ್ಬಮ್ಮಿಂದ ಆಚೆ ಇಟ್ಟು ಸುಮ್ನೆ ಫ್ರೀಯಾಗಿ ಬಿಟ್ರು. ಅದರಲ್ಲಿ ಕೆಂಡ್ರಿಕ್ ಲಮಾರ್ ತನ್ನ ಓರಗೆಯ ಹನ್ನೊಂದು ರ‍್ಯಾಪರ್‌ಗಳ ಹೆಸರು ಹಿಡಿದು, ನಿಮ್ಮ ಮೇಲೆ ಪ್ರೀತಿ ಇದೆ, ಆದ್ರೂ ಮುಗಿಸ್ತೀನಿ ಅನ್ನೋ ಧಾಟಿಯಲ್ಲಿ ಸವಾಲು ಹಾಕ್ತಾನೆ. ಲಿಸ್ಟಲ್ಲಿ ಅದೇ ಹಾಡಿನ ಬಿಗ್ ಶಾನ್, ಜೇ ಎಲೆಕ್ಟ್ರಾನಿಕಾ ಇಬ್ರೂ ಇದ್ದಾರೆ ಅನ್ನೋದು ಮಜಾ! ಕೆಂಡ್ರಿಕ್‌ದು ನಡುವಿನ ವರ್ಸ್. ಕೊನೇ ವರ್ಸ್ ಎಲೆಕ್ಟ್ರಾನಿಕಾಂದು, ಅದೂ ಒಳ್ಳೇದೇ, ಆದ್ರೆ ಅಷ್ಟೊತ್ತಿಗೆ ಎಲ್ರೂ ರಿವೈಂಡ್ ಮಾಡ್ತಾ ಕೂತಿರ್ತಾರೆ.