ಶೌಟ್, ಯೆಲ್, ಸ್ಕ್ರೀಮ್: ಮೂರೂ ‘ಕೂಗು’ ಹೇಗಾದೀತು?

ನಿಘಂಟಿನಲ್ಲಿ ಮೂರಕ್ಕೂ ‘ಕೂಗು’ ಅಂತಲೇ ಇದೆ, ಯಾವುದನ್ನು ಎಲ್ಲಿ ಬಳಸುವುದು ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಮಕ್ಕಳಿಗೆ ಇದನ್ನು ನಮ್ಮ ತೋಟದಲ್ಲಿ ನಡೆದ ಒಂದು ಸಂಗತಿಯಿಂದಲೇ ಬಿಡಿಸಿ ಹೇಳುತ್ತೇನೆ.

ಕಾಫಿ ಕೊಯ್ಲಿನ ಸಮಯ, ಮಂಜು ಇನ್ನೂ ಬಿಟ್ಟಿರಲಿಲ್ಲ. ಮುಂದೆ ಹೋಗಿದ್ದ ಅಕ್ಕ ಒಬ್ಬರು ರೋಬಸ್ಟಾ ಗಿಡದ ಮರೆಯಲ್ಲಿ ಆನೆಯ ಕಾಲು ಕಂಡು ಚೀರಿದರು. ಅದರಲ್ಲಿ ಒಂದು ಮಾತೂ ಇರಲಿಲ್ಲ, ಬರೀ ದನಿ. ಅದು ಸ್ಕ್ರೀಮ್. ಭಯಕ್ಕೋ ನೋವಿಗೋ ತಡೆಯಲಾರದ ಖುಷಿಗೋ ಗಂಟಲು ತಾನಾಗಿ ಹೊರಡಿಸುವ ಕೀರಲು ಸ್ವರ. ತೋಡಿನ ಆಚೆಯಿಂದ ಮೇಸ್ತ್ರಿ ‘ಆನೆ ಉಂಟು, ಮೇಲಕ್ಕೆ ಓಡಿ!’ ಅಂತ ಕೂಗಿದರು. ಅದು ಶೌಟ್, ಮಾತು ದೂರಕ್ಕೆ ಮುಟ್ಟಲಿ ಅಂತ ದನಿ ಎತ್ತುವುದು. ನಮಗೆ ಕೇಳಲಿ ಅಂತ ಕೂಗಿದ್ದರಿಂದ ‘ಶೌಟೆಡ್ ಟು ಅಸ್’. ಎಲ್ಲರೂ ಕಣದ ಹತ್ತಿರ ಸೇರಿದ ಮೇಲೆ ಅದೇ ಮೇಸ್ತ್ರಿ, ಒಬ್ಬಳೇ ಯಾಕೆ ಹೋದೆ ಅಂತ ಆ ಅಕ್ಕನನ್ನು ಜೋರಾಗಿ ಗದರಿದರು. ಈಗ ‘ಶೌಟೆಡ್ ಅಟ್ ಹರ್’. ‘ಟು’ ಇದ್ದ ಕಡೆ ‘ಅಟ್’ ಬಂತು, ಕೂಗು ಬೈಗುಳವಾಯಿತು.

ಮಕ್ಕಳು ಎಡವುವುದು ಇಲ್ಲೇ. ‘ನನ್ನನ್ನು ಗದರಿದರು’ ಅನ್ನುವ ರೂಢಿಯಲ್ಲಿ ‘ಶೌಟೆಡ್ ಮಿ’ ಅಂತ ಬರೆದುಬಿಡುತ್ತಾರೆ. ‘ಅಟ್’ ಬಿಡಲೇಬೇಡಿ. ಆಸ್ಟ್ರೇಲಿಯಾದಲ್ಲಿ ‘ಶೌಟೆಡ್ ಮಿ ಎ ಕಾಫಿ’ ಅಂದರೆ ಕಾಫಿಯ ದುಡ್ಡು ಅವರೇ ಕೊಟ್ಟರು ಅಂತ! ದನಿ ಏರಿಸದೆ ಬೈದಿದ್ದರೆ ‘ಸ್ಕೋಲ್ಡ್’ ಸಾಕು, ಅದಕ್ಕೆ ‘ಅಟ್’ ಬೇಡ.

ಯೆಲ್ ಅನ್ನುವುದು ಶೌಟ್‌ನ ಪಕ್ಕದ ಮನೆ. ಇನ್ನಷ್ಟು ಆಡುಮಾತಿನದು, ಅಮೆರಿಕದವರ ಬಾಯಲ್ಲಿ ಹೆಚ್ಚು. ನಮ್ಮ ‘ಅರಚು’, ‘ಬೊಬ್ಬೆ ಹೊಡಿ’ ಅದಕ್ಕೆ ಹತ್ತಿರ. ಕಿಟಾರನೆ ಕಿರುಚಿದರೆ ಶ್ರೀಕ್. ಬೆಲ್ಲೋ ಮೂಲತಃ ಗೂಳಿಯ ಗುಟುರು. ಮಳೆಗಾಲದಲ್ಲಿ ಅಬ್ಬಿ ಜಲಪಾತದ ಎದುರು ನಿಂತವರಿಗೆ ರೋರ್ ಏನೆಂದು ಹೇಳಿಕೊಡುವ ಅಗತ್ಯವಿಲ್ಲ.

ಹುತ್ತರಿಯ ದಿನ ಗದ್ದೆಯಲ್ಲಿ ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಾರಲ್ಲ, ಅದನ್ನು ಒಬ್ಬ ಹುಡುಗಿ ಪ್ರಬಂಧದಲ್ಲಿ ‘ಸ್ಕ್ರೀಮ್’ ಅಂತ ಬರೆದಿದ್ದಳು. ಬೆಳೆ ಹೆಚ್ಚಲಿ ಅಂತ ದೇವರನ್ನು ಬೇಡುವ ಮಾತಲ್ಲವಾ ಅದು? ಪಕ್ಕದಲ್ಲಿ ಕೂರಿಸಿಕೊಂಡು ‘ಶೌಟ್’ ಅಂತ ತಿದ್ದಿಸಿದೆ.