ಗಡಿಯಾರದ ಹಾಗಿದೆ, ಮುಳ್ಳಿಲ್ಲ

ಪ್ರಶ್ನೆ: ನಮ್ಮದು ಮೊದಲು ಶರಾವತಿ ದಂಡೆಯ ಊರು. ಲಿಂಗನಮಕ್ಕಿ ಮುಳುಗಡೆಯಲ್ಲಿ ಮನೆ, ತೋಟ ಎರಡೂ ಹೋದ ಮೇಲೆ ಅಜ್ಜ, ಅಜ್ಜಿ ಶಿವಮೊಗ್ಗದ ಕಡೆಗೆ ಬಂದರು. ಹೋದ ವರ್ಷ ಅಜ್ಜಿ ತೀರಿಕೊಂಡರು. ಅವರ ಟ್ರಂಕಿನ ತಳದಲ್ಲಿ ಸೀರೆ ತುಂಡಲ್ಲಿ ಸುತ್ತಿಟ್ಟ ಒಂದು ಬೆಳ್ಳಿ ಸಾಮಾನು ಸಿಕ್ಕಿದೆ. ಜೇಬಿನ ಗಡಿಯಾರದಷ್ಟು ದೊಡ್ಡದು, ದುಂಡಗಿದೆ. ಎರಡೂ ಕಡೆ ಮುಚ್ಚಳ. ಒಳಗೆ ಮುಳ್ಳಿಲ್ಲ, ಯಂತ್ರವಿಲ್ಲ. ಮೇಲಿನ ಬಳೆಗೆ ಸಣ್ಣ ಸರಪಳಿ, ಅದರ ತುದಿಗೆ ಚಪ್ಪಟೆ ಕಡ್ಡಿ. ತೂಕ 63 ಗ್ರಾಂ. ಅಪ್ಪ ಹಾಳಾದ ಗಡಿಯಾರ ಅಂತಾರೆ, ಚಿಕ್ಕಪ್ಪ ನಶ್ಯದ ಡಬ್ಬಿ ಅಂತಾರೆ, ಪಕ್ಕದ ಮನೆಯವರು ಲಿಂಗದ ಕರಡಿಗೆ ಅಂತಾರೆ. ಅಂಗಡಿಯವರೊಬ್ಬರು ಕರಗಿಸಿ ದೀಪ ಮಾಡಿಸಿ ಅಂದರು. ಏನಿದು? ಅಮೆರಿಕದಲ್ಲಿರುವ ತಂಗಿ ತನಗೆ ಬೇಕು ಅಂತಿದ್ದಾಳೆ. ಕೊಡಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಕರಗಿಸಬೇಡಿ. ಕರಗಿಸಿದರೆ ನಿಮ್ಮ ಕೈಗೆ ಬರುವುದು 63 ಗ್ರಾಂ ಬೆಳ್ಳಿಯ ಬೆಲೆ, ಅಷ್ಟೇ.

ಅದು ಸುಣ್ಣದ ಡಬ್ಬಿ. ಕವಳ, ಅಂದರೆ ಎಲೆ ಅಡಿಕೆ, ಹಾಕುವವರು ಜೊತೆಗೆ ಇಟ್ಟುಕೊಳ್ಳುತ್ತಿದ್ದದ್ದು. ಜೇಬಿನ ಗಡಿಯಾರದ ಆಕಾರದಲ್ಲಿ ಸುಣ್ಣದ ಡಬ್ಬಿ ಮಾಡಿಸಿಕೊಳ್ಳುವ ರೂಢಿ ಹಿಂದೆ ಇತ್ತು. ಹಾಗಾಗಿ ನಿಮ್ಮ ಅಪ್ಪ ಗಡಿಯಾರ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ಮಾಡಿದವನೇ ಹಾಗೆ ಕಾಣಲಿ ಅಂತ ಮಾಡಿದ್ದಾನೆ.

ನನಗೆ ಗುರುತು ಸಿಕ್ಕಿದ್ದು ಆ ಚಪ್ಪಟೆ ಕಡ್ಡಿಯಿಂದ. ನಮ್ಮಪ್ಪ ತೀರ್ಥಹಳ್ಳಿಯಲ್ಲಿ ಅಕ್ಕಸಾಲಿ ಕೆಲಸ ಮಾಡುತ್ತಿದ್ದರು. ಜಗಲಿಯಲ್ಲಿ ಕೂತ ಗಿರಾಕಿಗಳು ಕವಳ ಹಾಕುವುದನ್ನು ನೋಡುತ್ತಲೇ ನಾನು ಬೆಳೆದೆ. ಎಲೆಯ ತೊಟ್ಟು ಮುರಿದು, ತುದಿ ಚಿವುಟಿ, ಬೆನ್ನಿನ ನಾರು ಎಳೆದು, ತೊಡೆಯ ಮೇಲೆ ಒಮ್ಮೆ ಒರೆಸಿ, ಆಮೇಲೆ ಇಂಥದ್ದೇ ಕಡ್ಡಿಯಿಂದ ಸುಣ್ಣ ಸವರುವುದು. ಬೆರಳಿಗೆ ಸುಣ್ಣ ಅಂಟದಿರಲಿ ಅಂತ ಕಡ್ಡಿ, ಕಡ್ಡಿ ಕಳೆಯದಿರಲಿ ಅಂತ ಸರಪಳಿ. ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿ. ಕಡ್ಡಿಯ ತುದಿ ಒಂದೇ ಬದಿಗೆ ಸವೆದು ವಾರೆಯಾಗಿದೆ. ಒಂದೇ ಕೈ ಅದನ್ನು ವರ್ಷಗಟ್ಟಲೆ ಒಂದೇ ಥರ ಎಳೆದಿದೆ. ನಾನು ಅದನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ನಶ್ಯದ ಡಬ್ಬಿಗೆ ಸವರುವ ಕಡ್ಡಿ ಯಾಕೆ ಬೇಕು, ಅಲ್ವಾ? ಕರಡಿಗೆಯನ್ನು ಶಿವದಾರದಲ್ಲಿ ಕೊರಳಿಗೆ ಹಾಕುತ್ತಾರೆ, ದಾರಕ್ಕೆ ಎರಡೂ ಬದಿ ಕೊಂಡಿ ಇರುತ್ತದೆ. ನಿಮ್ಮದರಲ್ಲಿ ಮೇಲೊಂದೇ ಬಳೆ.

ಇನ್ನೂ ಅನುಮಾನ ಇದ್ದರೆ ಮನೆಯಲ್ಲೇ ನೋಡಬಹುದು. ಮುಚ್ಚಳದ ಕೀಲಿನ ಹತ್ತಿರ, ಸಂದಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ. ಹಲ್ಲುಕಡ್ಡಿಯಿಂದ ಸಾಸಿವೆ ಕಾಳಿನಷ್ಟು ಮಾತ್ರ ಕೆರೆದು ಒಂದು ತಟ್ಟೆಗೆ ಹಾಕಿ. ಅದರ ಮೇಲೆ ಒಂದು ಹನಿ ನಿಂಬೆರಸ ಬಿಡಿ. ಸಣ್ಣಗೆ ನೊರೆ ಬಂದರೆ ಅದು ಸುಣ್ಣವೇ. ಹಸಿ ಸುಣ್ಣ ವರ್ಷಗಟ್ಟಲೆ ಗಾಳಿಗಿದ್ದರೆ ಸೀಮೆಸುಣ್ಣದ ಥರ ಗಟ್ಟಿಯಾಗುತ್ತದೆ, ಹುಳಿ ತಾಗಿದರೆ ಗುಳ್ಳೆ ಏಳುತ್ತದೆ. ಡಬ್ಬಿಯ ಒಳಗೆ ಮಾತ್ರ ನಿಂಬೆರಸ ಹಾಕಬೇಡಿ. ಉಳಿದ ಪುಡಿ ಹಾಗೇ ಇರಲಿ. ಇನ್ನೊಂದು ಕಡೆಯ ಮುಚ್ಚಳ ತೆಗೆದು ಮೂಸಿ ನೋಡಿ. ಲವಂಗವೋ ಹೊಗೆಸೊಪ್ಪೋ, ಅವರವರ ರೂಢಿಯಂತೆ ಅಲ್ಲಿ ಇಟ್ಟುಕೊಳ್ಳುತ್ತಿದ್ದರು.

ಬೆಳ್ಳಿ ಹೌದೋ ಅಲ್ಲವೋ ಅಂತ ಯಾರೂ ಉಜ್ಜಿ, ಆಸಿಡ್ ಹಾಕಿ ನೋಡುವುದು ಬೇಡ. ಗ್ರಾಂನ ದಶಾಂಶವೂ ತೋರಿಸುವ ತಕ್ಕಡಿ ಸಿಕ್ಕರೆ ಸಾಕು. ಒಂದು ಲೋಟ ನೀರು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಎರಡೂ ಮುಚ್ಚಳ ತೆರೆದು, ಡಬ್ಬಿಯನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಳಗೆ ಗಾಳಿ ಗುಳ್ಳೆ ಉಳಿಯಬಾರದು. ತಕ್ಕಡಿ 6 ಗ್ರಾಂ ಆಸುಪಾಸು ತೋರಿಸಿದರೆ ಬೆಳ್ಳಿ. 7 ದಾಟಿದರೆ ಜರ್ಮನ್ ಸಿಲ್ವರ್ ಇರಬಹುದು. ಅದರ ಹೆಸರಲ್ಲಿ ಮಾತ್ರ ಬೆಳ್ಳಿ, ಇರುವುದು ತಾಮ್ರ, ನಿಕಲ್, ಸತು. ಆಮೇಲೆ ನೀರು ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ.

ಮುದ್ರೆ ಇಲ್ಲ ಅಂತ ಚಿಂತೆ ಬೇಡ. ನಮ್ಮಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಹಿಂದೆ ಜನ ಬೆಳ್ಳಿ ರೂಪಾಯಿಗಳನ್ನೇ ಅಕ್ಕಸಾಲಿಗೆ ಕೊಟ್ಟು ಕರಗಿಸಿ ಸಾಮಾನು ಮಾಡಿಸುತ್ತಿದ್ದರು. ಆ ರೂಪಾಯಿ ಒಂದಕ್ಕೆ 11.66 ಗ್ರಾಂ, ಅಂದರೆ ಒಂದು ತೊಲ. ನಿಮ್ಮದು ಐದೂವರೆ ತೊಲಕ್ಕೆ ಸ್ವಲ್ಪ ಕಮ್ಮಿ.

ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ. ಉಜ್ಜಿದರೆ ಗೀರು ಬೀಳುತ್ತದೆ, ಕೆತ್ತನೆಯ ಸಂದಿಯ ಕಪ್ಪೂ ಹೋಗುತ್ತದೆ. ಆ ಕಪ್ಪು ಇರುವುದರಿಂದಲೇ ಬಳ್ಳಿ, ಎಲೆ ಎದ್ದು ಕಾಣುತ್ತಿವೆ. ಹಳೇ ಪಂಚೆಯ ಮೆತ್ತನೆ ತುಂಡಲ್ಲಿ ಒರೆಸಿದರೆ ಸಾಕು. ರಬ್ಬರ್ ಬ್ಯಾಂಡ್ ಹಾಕಬೇಡಿ, ಉಣ್ಣೆ ಬಟ್ಟೆಯಲ್ಲಿ ಸುತ್ತಬೇಡಿ. ಎರಡರಲ್ಲೂ ಗಂಧಕ ಇದೆ, ಬೆಳ್ಳಿ ಬೇಗ ಕಪ್ಪಾಗುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಇನ್ನೂ ಜಾಸ್ತಿ. ಅಜ್ಜಿ ಹತ್ತಿ ಸೀರೆಯ ತುಂಡಲ್ಲಿ ಸುತ್ತಿಟ್ಟಿದ್ದರೆ ಅದರಲ್ಲೇ ಇಡಿ.

ಇನ್ನು ತಂಗಿಯ ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮನೆಯದೇ ಆದರೂ ಅಷ್ಟೇ. ಅಷ್ಟು ಹಳೆಯದಲ್ಲ ಅನ್ನಿಸಿದರೆ, ಭಾರತೀಯ ಪುರಾತತ್ವ ಇಲಾಖೆಯಿಂದ ಅದು ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಪಡೆದ ಮೇಲೆಯೇ ಕಳಿಸಿ. ಸುಮ್ನೆ ಸೂಟ್‌ಕೇಸಿಗೆ ಹಾಕಿ ಕಳಿಸಿದರೆ ವಿಮಾನ ನಿಲ್ದಾಣದಲ್ಲಿ ತಂಗಿಗೇ ತೊಂದರೆ.

ಅದಕ್ಕೂ ಮೊದಲು ಅಪ್ಪ, ಚಿಕ್ಕಪ್ಪ ಇಬ್ಬರನ್ನೂ ಕೂರಿಸಿಕೊಂಡು ಕೇಳಿ. ಮುಳುಗಡೆಗೆ ಮೊದಲು ಆ ಮನೆಯಲ್ಲಿ ಕವಳ ಹಾಕುತ್ತಿದ್ದವರು ಯಾರು? ಅಜ್ಜನೋ, ಅಜ್ಜನ ಅಪ್ಪನೋ, ಅಜ್ಜಿಯೇನಾ? ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಾ, ಎಲೆಯ ಹರಿವಾಣದಲ್ಲಿ ಇಡುತ್ತಿದ್ದರಾ? ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಊರಿನ ಹೆಸರೂ ಸೇರಿಸಿ, ಡಬ್ಬಿಯ ಜೊತೆ ಅದೇ ಬಟ್ಟೆಯಲ್ಲಿ ಇಡಿ. ನನಗೂ ಒಂದು ಪ್ರತಿ ಕಳಿಸಿ.